ಓಡುವ ರೈಲಿನವರ ಊಟಕ್ಕೂ ತೆರಿಗೆಯಾ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯವರು ಗೂಡ್ಸ್ ರೈಲಿನ ಲೋಕೋ ಪೈಲಟ್. ಮೊನ್ನೆ ರಾತ್ರಿ 11ಕ್ಕೆ ಹೊರಟವರು ಮನೆಗೆ ಬಂದಿದ್ದು ಮೂರನೇ ದಿನ ಮಧ್ಯಾಹ್ನ. ಕೊಂಕಣ ಮಾರ್ಗ ನಮ್ಮ ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಗೂಡ್ಸ್ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ವೇಗ ಕಡಿಮೆ, ಕಾಯುವುದು ಜಾಸ್ತಿ. ಅನ್ನ, ಮೀನು ಸಾರು ಕಟ್ಟಿಕೊಟ್ಟರೆ ಎಂಜಿನ್ನಿನ ಸೆಕೆಗೆ ಬೆಳಗಾಗುವುದರೊಳಗೆ ಹಳಸುತ್ತದೆ. ಹಾಗಾಗಿ ಚಪಾತಿ, ಒಣ ಸಿಗಡಿ ಚಟ್ನಿ ಕಟ್ಟುತ್ತೇನೆ. ಅದು ಒಂದು ಹೊತ್ತಿಗೆ. ಉಳಿದ ಹೊತ್ತಿನ ಊಟ, ಚಹಾ, ನೀರು ಎಲ್ಲ ಹೊರಗೇ.

ಈ ಖರ್ಚೂ ಸೇರಿದಂತೆ ಅವರಿಗೆ ಸಿಗುವುದು ಕಿಲೋಮೀಟರ್ ಲೆಕ್ಕದ ರನ್ನಿಂಗ್ ಅಲೋಯನ್ಸ್. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಅದರ ಶೇ 70ರಷ್ಟಕ್ಕೆ ವಿನಾಯಿತಿ ಸಿಗುತ್ತಿತ್ತು. ಅದಕ್ಕೂ ಮಿತಿ ಇತ್ತು. 2008ರಲ್ಲಿ ಆ ಮಿತಿಯನ್ನು ತಿಂಗಳಿಗೆ 6,000 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಊಟದ ರೇಟು ನಿಲ್ಲುತ್ತದೆಯೇ?

ತೆರಿಗೆ ದರ ಕಡಿಮೆ, ಆದರೆ ಹೆಚ್ಚಿನ ವಿನಾಯಿತಿಗಳಿಲ್ಲದ ಹೊಸ ಪದ್ಧತಿಯಲ್ಲಂತೂ ಇದೂ ಇಲ್ಲ. 2023-24ರಿಂದ, ನಾವಾಗಿ ಹಳೆಯದು ಬೇಕು ಎನ್ನದಿದ್ದರೆ, ಹೊಸ ಪದ್ಧತಿಯಲ್ಲೇ ಲೆಕ್ಕ. ನಾನು ಬಿ.ಕಾಂ. ಓದಿದವಳು. ಮನೆಯ ರಿಟರ್ನ್ ನಾನೇ ತುಂಬುತ್ತೇನೆ. ಸಂಬಳ ಮತ್ತು ಕಡಿತವಾದ ತೆರಿಗೆಯ ಲೆಕ್ಕವಿರುವ ಫಾರ್ಮ್ 16 ಹಿಡಿದು ಕೂತಾಗ ನನಗೆ ತುಂಬಾ ಬೇಸರ ತಂದದ್ದು ಬೇರೆಯೇ ವಿಷಯ. ಕಚೇರಿಯವರು ಟೂರಿಗೆ ಹೋದಾಗ ಸಿಗುವ ದಿನಭತ್ಯೆಗೆ, ಖರ್ಚಾದಷ್ಟಕ್ಕೆ, ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ಅದು ಸರಿಯೇ. ಅವರೂ ಹೊರಗೆ ಉಣ್ಣಬೇಕಲ್ವಾ? ಆದರೆ ವರ್ಷವಿಡೀ ಊರೂರಿನಲ್ಲಿ ಉಣ್ಣುವವರಿಗೆ ಯಾಕಿಲ್ಲ?

12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ ಎಂದು ಪಕ್ಕದ ಮನೆಯವರು ಕೇಳಿದರು. ಹೌದು, ಹೊಸದಾಗಿ ಸೇರಿದವರಿಗೆ ಅಷ್ಟು ಸಾಕು. ನಮ್ಮವರದು 26 ವರ್ಷದ ಸರ್ವಿಸ್. ಅವರ ಸಂಬಳವನ್ನು ಆ ಗೆರೆ ದಾಟಿಸುವುದೇ ಈ ಅಲೋಯನ್ಸ್.

ಹೊಸ ಪದ್ಧತಿಯಲ್ಲೂ ಈ ವಿನಾಯಿತಿ ಕೊಡಿ. ರಾತ್ರಿ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳಿಗೂ ಸೇರಿಸಿಯೇ ಕೇಳುತ್ತಿದ್ದೇನೆ. ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ಜಿಲ್ಲೆಯ ಸಂಸದರು ಇದನ್ನು ಹಣಕಾಸು ಸಚಿವರ ಮುಂದೆ ಇಡಬೇಕು. ಮೂರು ತಿಂಗಳಿಂದ ನಮ್ಮವರ ಹೊರಗಿನ ಊಟದ ಲೆಕ್ಕ ಬರೆದಿಟ್ಟಿದ್ದೇನೆ. ಬೇಕಾದರೆ ಆ ಪುಸ್ತಕ ಕಳಿಸಿಕೊಡುತ್ತೇನೆ.

– ಲೋಕೋ ಪೈಲಟ್ ಒಬ್ಬರ ಪತ್ನಿ, ಶಿರವಾಡ, ಕಾರವಾರ