ಗಣಿತದ ಮೇಷ್ಟ್ರ ಕೈಗೆ ಮೈಕು ಕೊಟ್ಟ ವರ್ಷ

2025ರ ಏಪ್ರಿಲ್ 4ಕ್ಕೆ ನಮ್ಮ ಹತ್ತನೇ ಕ್ಲಾಸಿನವರ ಪರೀಕ್ಷೆ ಮುಗಿಯಿತು. ಅವತ್ತೇ ಸಂಜೆ ಕೂತು, ವರ್ಷವಿಡೀ ಜೊತೆಗೆ ನಿಂತವರಿಗೆಲ್ಲಾ ಥ್ಯಾಂಕ್ಸ್ ಹೇಳಿ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಮೌಲ್ಯಮಾಪನದ ಡ್ಯೂಟಿ ಬಂತು, ಅದು ಮುಗಿಯುವ ಹೊತ್ತಿಗೆ ಮನೆಯಲ್ಲಿ ಹುಣಸೆಹಣ್ಣಿನ ಕೆಲಸ ಬಂತು, ಹೀಗೇ ದಿನ ಹೋದವು. ಈಗ ಹೇಳದಿದ್ದರೆ ಶಾಲೆ ಶುರುವಾಗಿಬಿಡುತ್ತೆ, ಆಮೇಲೆ ನಾನು ಹೇಳುವುದೇ ಇಲ್ಲ ಅಂತ ನನಗೆ ಗೊತ್ತು.

ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು ಮೂರೂ ಸೇರಿ 132 ಮಕ್ಕಳು. ನಾನು ಗಣಿತದ ಮೇಷ್ಟ್ರು. ಹಾಡು ಬರಲ್ಲ, ಭಾಷಣ ಬರಲ್ಲ, ಮದುವೆ ಮನೆಯಲ್ಲಿ ಯಾರಾದರೂ ಮೈಕು ಹಿಡಿದು ನನ್ನ ಕಡೆ ಬಂದರೆ ಊಟದ ಹಾಲಿಗೆ ಓಡಿಹೋಗುವ ಜಾತಿ. 2024ರ ಮೇ ಕೊನೆಯಲ್ಲಿ ಶಾಲೆ ಶುರುವಾದಾಗ ಮೊದಲ ಮೀಟಿಂಗಿನಲ್ಲಿ ಕೆಲಸ ಹಂಚಿದರು. ನಾನು ಫೋನ್ ಬಂತು ಅಂತ ಎದ್ದು ಆಚೆ ಹೋಗಿ ಬರುವಷ್ಟರಲ್ಲಿ ಬೆಳಗಿನ ಪ್ರಾರ್ಥನೆ, ಪ್ರತಿಭಾ ಕಾರಂಜಿ (ಶಾಲಾ ಮಕ್ಕಳ ಹಾಡು, ಭಾಷಣದಂಥ ಸ್ಪರ್ಧೆಗಳು), ಶಾಲಾ ಸಂಸತ್ತು, ಎಲ್ಲದರ ಮುಂದೆ ನನ್ನ ಹೆಸರು ಬರೆದಾಗಿತ್ತು. ಮೊದಲ ಥ್ಯಾಂಕ್ಸ್ ನಮ್ಮ ಎಚ್.ಎಂ. ಮೇಡಂಗೆ. ಅವತ್ತು ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಬರೆಯಲ್ಲ.

ಪ್ರಾರ್ಥನೆ ಅಂದರೆ ಎಲ್ಲಾ ಶಾಲೆಗಳ ಹಾಗೇ. ಸಾಲು ನಿಲ್ಲುವುದು, ನಾಡಗೀತೆ, ಸಂವಿಧಾನದ ಪೀಠಿಕೆ, ಸುಭಾಷಿತ, ವಾರ್ತೆ, ರಾಷ್ಟ್ರಗೀತೆ. ನಾಡಗೀತೆಗೆ 2022ರ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ. ನಮ್ಮ ಮಕ್ಕಳು ಅದನ್ನು ಮೂರೂಕಾಲು ನಿಮಿಷ ಎಳೆಯುತ್ತಿದ್ದರು, ನನಗೆ ರಾಗ ಗೊತ್ತಿಲ್ಲದಿದ್ದರೂ ಗಡಿಯಾರ ಗೊತ್ತು, ಹಾಗಾಗಿ ನಾನು ಮಾಡಿದ ಮೊದಲ ಸುಧಾರಣೆ ಅಂದರೆ ಸ್ಟಾಪ್‌ವಾಚ್. ಒಂದು ವಾರ ನೋಡಿದೆ. ಮೈಕಿನ ಮುಂದೆ ಬರುವವರು ದಿನಾ ಅದೇ ಐದು ಜನ. ಚೆನ್ನಾಗಿ ಓದುವ ನಾಲ್ಕು ಹೆಣ್ಣುಮಕ್ಕಳು, ಒಬ್ಬ ಲೀಡರ್. ಉಳಿದ 127 ಜನ ಮೂರು ವರ್ಷ ಮುಂದಿನವರ ಬೆನ್ನು ನೋಡಿಕೊಂಡು ನಿಂತು ಹೋಗುತ್ತಾರೆ. ಲೆಕ್ಕ ಹಾಕಿದೆ. ದಿನಕ್ಕೆ ಐದು ಜನ, ಆದರೆ ದಿನಾ ಬೇರೆ ಬೇರೆ ಐದು ಜನ ಅಂದರೆ, 27 ದಿನಕ್ಕೆ ಎಲ್ಲರದ್ದೂ ಒಂದು ಸುತ್ತು ಮುಗಿಯುತ್ತೆ. ಹಾಜರಿ ಪುಸ್ತಕದ ಕ್ರಮದಲ್ಲೇ ಕರೆಯುವುದು ಅಂತ ಮಾಡಿದೆ. ಬರಲ್ಲ ಅನ್ನುವ ಹಾಗಿಲ್ಲ, ಒಂದು ಸಾಲು ಓದಿದರೂ ಸಾಕು.

ಮೊದಲ ಸುತ್ತು ನರಕ. ಸುಳ್ಳು ಯಾಕೆ ಹೇಳಲಿ. ಎಂಟನೇ ಕ್ಲಾಸಿನ ಹುಡುಗ ಒಬ್ಬ ‘ಸಾರ್ವಭೌಮ’ ಅನ್ನುವಲ್ಲಿ ನಿಂತುಬಿಟ್ಟ, ಮುಂದಕ್ಕೂ ಹೋಗಲ್ಲ ಹಿಂದಕ್ಕೂ ಬರಲ್ಲ. ಒಬ್ಬಳು ಮೈಕು ಹಿಡಿದು ಅತ್ತಳು. ಆಗ ಸಹೋದ್ಯೋಗಿಗಳು ‘ಟೈಮ್ ಆಯ್ತು ಸಾರ್’ ಅಂತ ಒಂದು ದಿನವೂ ಹೇಳಲಿಲ್ಲ. ಮೊದಲ ಪೀರಿಯಡ್ ಇದ್ದ ಇಂಗ್ಲಿಷ್ ಮೇಡಂ ಅಂತೂ ಅತ್ತ ಹುಡುಗಿಯ ಪಕ್ಕ ಹೋಗಿ ನಿಂತು, ಅವಳ ಜೊತೆ ತಾವೂ ಓದಿದರು. ಮೇಡಂ, ನಿಮ್ಮ ಪೀರಿಯಡ್‌ನಲ್ಲಿ ನಾನು ತಿಂದ ನಿಮಿಷಗಳನ್ನೆಲ್ಲಾ ಕೂಡಿಸಿದರೆ ಒಂದು ಪಾಠವೇ ಆಗುತ್ತೆ.

ಈಗ ವಾರ್ತೆಯ ಕಥೆ ಹೇಳಬೇಕು. ನಮ್ಮೂರಿಗೆ ಪೇಪರ್ ಬರುವುದು ಹನ್ನೊಂದು ಗಂಟೆಯ ಬಸ್ಸಿಗೆ. ಹಾಗಾಗಿ ಪ್ರಾರ್ಥನೆಯಲ್ಲಿ ಓದುತ್ತಿದ್ದದ್ದು ಯಾವಾಗಲೂ ನಿನ್ನೆಯ ವಾರ್ತೆ, ಸೋಮವಾರ ಆದರೆ ಶನಿವಾರದ್ದು. ಅದೇ ಸಮಯಕ್ಕೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ದಿನಾ ಲೇಟಾಗಿ ಬರುತ್ತಿದ್ದ. ನಾನು ಒಂದು ವಾರ ಪೂರ್ತಿ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿದೆ, ಬೈದೆ, ಯಾಕೆ ಲೇಟು ಅಂತ ಮಾತ್ರ ಕೇಳಲಿಲ್ಲ. ಅವನ ಅಮ್ಮ ಫೋನ್ ಮಾಡಿ ‘ಸಾರ್, ಅವನು ಹಾಲು ಕರೆದು ಡೈರಿಗೆ ಹಾಕಿ ಬರ್ಬೇಕು, ಅವರಪ್ಪಂಗೆ ಸೊಂಟ ಬಿದ್ದೋಗಿದೆ’ ಅಂದ ಮೇಲೆ ನಾನು ಎರಡು ದಿನ ಆ ಹುಡುಗನ ಮುಖ ನೋಡಲಿಲ್ಲ. ತಪ್ಪು ನನ್ನದು, ಅದನ್ನು ಇಲ್ಲಿ ಎಲ್ಲರ ಮುಂದೆಯೇ ಹೇಳುತ್ತಿದ್ದೇನೆ. ಆಮೇಲೆ ಅವನಿಗೆ ಹೇಳಿದೆ, ‘ಪೇಪರ್ ಬೇಡ ಕಣೋ, ಡೈರಿ ಹತ್ರ ಏನೇನು ಮಾತಾಡ್ತಾರೋ ಅದನ್ನೇ ಬಂದು ಹೇಳು.’

ಅಲ್ಲಿಂದ ನಮ್ಮ ಶಾಲೆಯಲ್ಲಿ ‘ನಮ್ಮೂರ ವಾರ್ತೆ’ ಶುರುವಾಯಿತು. ಯಾರ ಮನೆಯ ಹಸು ಕರು ಹಾಕಿತು, ಯಾರ ಬೋರ್‌ವೆಲ್ ನಿಂತಿತು, ಕಡಲೆಕಾಯಿಗೆ ಮಂಡಿಯಲ್ಲಿ ಏನು ರೇಟು, ಯಾವ ಬೀದಿಯ ಲೈಟು ಕೆಟ್ಟಿದೆ. ಮಕ್ಕಳು ನಿಜವಾಗಿ ಕೇಳಿಸಿಕೊಳ್ಳಲು ಶುರುಮಾಡಿದ್ದೇ ಆಗ. ಲೈಟಿನ ವಾರ್ತೆ ಓದಿದ ಮೂರನೇ ದಿನಕ್ಕೆ ಲೈಟು ಬಂತು, ಅದು ವಾರ್ತೆಯಿಂದ ಬಂತೋ ಸುಮ್ನೆ ಬಂತೋ ಗೊತ್ತಿಲ್ಲ, ಹುಡುಗರಂತೂ ತಮ್ಮಿಂದಲೇ ಅಂತ ನಂಬಿದ್ದಾರೆ. ಡೈರಿಯಲ್ಲಿ ಬೆಳಿಗ್ಗೆ ಸೇರುವ ಅಷ್ಟೂ ಜನಕ್ಕೆ ನಮಸ್ಕಾರ. ನೀವು ಹಾಲು ಅಳೆಯುತ್ತಾ ಆಡಿದ ಮಾತೆಲ್ಲಾ ಹತ್ತು ಗಂಟೆಗೆ 132 ಜನರಿಗೆ ಗೊತ್ತಾಗುತ್ತಿತ್ತು. ಕೆಲವನ್ನು ನಾನು ಸೆನ್ಸಾರ್ ಮಾಡಿದ್ದೇನೆ, ಹೆದರಬೇಡಿ.

ಅದೇ ಹುಡುಗನನ್ನು ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣಕ್ಕೆ ಹಾಕಿದೆ. ಚೀಟಿ ಎತ್ತಿದ. ಬಂದ ವಿಷಯ ‘ಸಮಯಪಾಲನೆ’. ನನಗೆ ಹಿಂದಿನ ಸಾಲಿನಲ್ಲಿ ಕೂತು ಬೆವರು ಬಂತು. ಅವನು ಮೈಕು ಹಿಡಿದು, ‘ನಾನು ದಿನಾ ಶಾಲೆಗೆ ಲೇಟು. ಆದರೆ ನಮ್ಮ ಹಸುಗೆ ಒಂದಿನವೂ ಲೇಟಾಗಿಲ್ಲ’ ಅಂತ ಶುರುಮಾಡಿದ. ತೀರ್ಪುಗಾರರೇ ನಕ್ಕುಬಿಟ್ಟರು. ಕ್ಲಸ್ಟರ್‌ನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಮೊದಲು ಬಂದ, ತಾಲ್ಲೂಕಿನಲ್ಲಿ ಎರಡನೆಯವನು. ಮುಂದಕ್ಕೆ ಹೋಗುವುದು ಮೊದಲು ಬಂದವರು ಮಾತ್ರ, ಅಲ್ಲಿಗೆ ಮುಗಿಯಿತು. ಮಾರನೇ ದಿನ ಬಂದು ವಾರ್ತೆ ಓದಿದ. ಲೇಟಾಗಿಯೇ ಬಂದ.

ಒಂದು ಹುಡುಗಿಯ ತಾತ ಗಣೆ ಊದುತ್ತಾರೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ಕಾಡುಗೊಲ್ಲರು ಜುಂಜಪ್ಪನ ಪದ ಹಾಡುವಾಗ ಊದುವುದು. ಜುಂಜಪ್ಪ ದನ ಕಾದ ವೀರ, ಅವರಿಗೆ ದೇವರು. ನಮ್ಮ ತಾಲ್ಲೂಕಿನಲ್ಲೇ ಅವನ ಗುಡ್ಡೆ ಇದೆ. ನಾನು ತಾತನ ಮನೆಗೆ ಹೋಗಿ, ಒಂದು ದಿನ ಪ್ರಾರ್ಥನೆಗೆ ಬಂದು ಊದಿ ಅಂತ ಕೇಳಿದೆ. ‘ಇದು ಸುಮ್ನೆ ಊದೋದಲ್ಲ ಮೇಷ್ಟ್ರೇ’ ಅಂದರು. ಮೂರು ಸಲ ಹೋದೆ. ನಾಲ್ಕನೇ ಸಲ ನಾನು ಹೋಗುವ ಮೊದಲೇ ಅವರೇ ಬಂದರು, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟುಕೊಂಡು. ಎಲ್ಲರೂ ಚಪ್ಪಲಿ ಬಿಟ್ಟು ನಿಲ್ಲಿ ಅಂದರು. ಮಕ್ಕಳು, ಮೇಷ್ಟ್ರುಗಳು, ಅಡುಗೆಯ ಅಕ್ಕಂದಿರು ಎಲ್ಲರೂ ಬಿಟ್ಟು ನಿಂತೆವು. ಅವತ್ತು ನಾನು ಸ್ಟಾಪ್‌ವಾಚ್ ಒತ್ತುವುದು ಮರೆತೆ. ಎಷ್ಟು ಹೊತ್ತು ಊದಿದರೋ ಗೊತ್ತಿಲ್ಲ, ಎರಡನೇ ಪೀರಿಯಡ್‌ನ ಬೆಲ್ ಆದದ್ದು ಮಾತ್ರ ನೆನಪಿದೆ.

ಮೊಮ್ಮಗಳು ಅದೇ ಪದವನ್ನು ಜಾನಪದ ಗೀತೆ ಸ್ಪರ್ಧೆಯಲ್ಲಿ ಹಾಡಿದಳು. ಬಹುಮಾನ ಬರಲಿಲ್ಲ. ಯಾವ ಊರು, ಯಾರು ತೀರ್ಪುಗಾರರು ಅನ್ನುವುದು ಬೇಡ. ‘ಚೆನ್ನಾಗಿ ಹಾಡಿದೆ ಮಗು, ಆದರೆ ಜನಕ್ಕೆ ಗೊತ್ತಿರೋ ಜಾನಪದ ಹಾಡಬೇಕಿತ್ತು’ ಅಂದರು. ಅಂದರೆ ಮೊಬೈಲಿನಲ್ಲಿ ಟ್ರ್ಯಾಕ್ ಸಿಗುವ, ಎಲ್ಲಾ ಶಾಲೆಯವರೂ ಹಾಡುವ ಅದೇ ಏಳೆಂಟು ಹಾಡು. ನನಗೆ ಈಗಲೂ ಇದು ಅರ್ಥವಾಗಿಲ್ಲ. ಮನೆಯಲ್ಲಿ ತಾತನಿಂದ ಕಲಿತದ್ದು ಜಾನಪದ ಅಲ್ಲ, ಯೂಟ್ಯೂಬಿನಿಂದ ಕಲಿತದ್ದು ಜಾನಪದ! ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಸಮಾಧಾನ ಹೇಳಲು ಬಾಯಿ ತೆಗೆದರೆ ಅವಳೇ, ‘ಬಿಡಿ ಸಾರ್, ತಾತಂಗೆ ಪ್ರೈಜ್ ಅಂದ್ರೆ ಏನೂಂತಾನೇ ಗೊತ್ತಿಲ್ಲ’ ಅಂದಳು. ತಾತನಿಗೆ ನನ್ನ ನಮಸ್ಕಾರ. ಈ ವರ್ಷವೂ ಬರುತ್ತೇನೆ, ಮೂರು ಸಲ ಓಡಾಡಿಸಿದರೂ ಪರವಾಗಿಲ್ಲ.

ಪ್ರತಿಭಾ ಕಾರಂಜಿಯ ಕವ್ವಾಲಿ ಸ್ಪರ್ಧೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅತಿ ಜಾಸ್ತಿ ಸಾಲ ಇರುವುದು ಅಲ್ಲೇ. ಆರು ಮಕ್ಕಳ ತಂಡ, ನಾಲ್ಕು ಹುಡುಗಿಯರು, ಇಬ್ಬರು ಹುಡುಗರು. ಕಲಿಸುವವರು ಯಾರೂ ಇಲ್ಲ. ಬಸ್‌ಸ್ಟ್ಯಾಂಡಿನ ಟೈಲರ್ ಸಾಹೇಬರ ಹತ್ತಿರ ಬಟ್ಟೆ ಹೊಲಿಸುವುದನ್ನು ಕೇಳಲು ಹೋದೆ. ಅವರು ಬಟ್ಟೆ ಆಮೇಲೆ, ಮೊದಲು ಏನು ಹಾಡ್ತಾರೆ ತೋರಿಸಿ ಅಂದರು. ಮೊಬೈಲಿನಲ್ಲಿ ತೋರಿಸಿದೆ. ಒಂದು ನಿಮಿಷ ಕೇಳಿ, ‘ಸಾರ್, ಚಪ್ಪಾಳೆನೇ ಸರಿ ಇಲ್ಲ’ ಅಂತ ಅಂಗಡಿಗೆ ಬಾಗಿಲು ಎಳೆದು ನನ್ನ ಜೊತೆ ಶಾಲೆಗೆ ಬಂದರು. ಮೂರು ವಾರ, ದಿನಾ ಸಂಜೆ ಒಂದು ಗಂಟೆ. ಎಂಟು ಮಾತ್ರೆಯ ತಾಳ, ಎಲ್ಲಿ ತಟ್ಟಬೇಕು, ಎಲ್ಲಿ ಕೈ ಬಿಡಬೇಕು. ನನಗೆ ಹಾಡು ಅಂದರೆ ಏನೋ ಮಾಯ ಅನ್ನಿಸುತ್ತಿತ್ತು, ಅದರ ಒಳಗೆ ಇಷ್ಟು ಲೆಕ್ಕ ಇದೆ ಅಂತ ಐವತ್ತು ವರ್ಷಕ್ಕೆ ಹತ್ತಿರ ಬಂದ ಮೇಲೆ ಗೊತ್ತಾಯಿತು. ಹಬ್ಬದ ಆರ್ಡರ್ ತಲೆ ಮೇಲಿರುವಾಗ ಸಾಹೇಬರು ಮಾಡಿದ ಕೆಲಸ ಇದು. ದುಡ್ಡು ಕೇಳಿದರೆ ‘ಚಾ ಕುಡಿಸಿ’ ಅಂದರು, ಚಾ ಕೂಡ ಅವರೇ ತರಿಸಿದರು.

ಹುಡುಗಿಯರ ದುಪಟ್ಟಾ ಆಗಿದ್ದು ಅಡುಗೆಯ ಅಕ್ಕನ ಮದುವೆ ಸೀರೆ. ಕತ್ತರಿಸಿಲ್ಲ, ಗಾಬರಿಯಾಗಬೇಡಿ, ಮಡಿಸಿ ಪಿನ್ ಹಾಕಿದ್ದು. ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂದ ಮೇಲೆ ಆ ಅಕ್ಕಂದಿರಿಗೆ ಉಸಿರಾಡಲು ಬಿಡುವಿಲ್ಲ, ದಿನಾ ನೂರಕ್ಕೂ ಜಾಸ್ತಿ ಮೊಟ್ಟೆ ಬೇಯಿಸಿ ಸಿಪ್ಪೆ ಬಿಡಿಸಬೇಕು. ಅದರ ನಡುವೆಯೂ ಸ್ಪರ್ಧೆಯ ದಿನ ಬೆಳಿಗ್ಗೆ ಆರಕ್ಕೇ ಬಂದು ಹೆಣ್ಣುಮಕ್ಕಳಿಗೆ ಜಡೆ ಹಾಕಿದರು, ಚಿತ್ರಾನ್ನ ಕಟ್ಟಿ ಕೊಟ್ಟರು.

ತಾಲ್ಲೂಕಿನಲ್ಲಿ ಕವ್ವಾಲಿಗೆ ಮೊದಲ ಸ್ಥಾನ ಬಂತು! ಇನ್ನು ಜಿಲ್ಲೆ. ನಮಗೆ ಜಿಲ್ಲೆ ಅಂದರೆ ತುಮಕೂರಲ್ಲ, ಮಧುಗಿರಿ. ನಾವು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದವರು. ಮಾತಾಡಿದ್ದ ವ್ಯಾನಿನವರು ಬೆಳಿಗ್ಗೆ ಫೋನ್ ಎತ್ತಲಿಲ್ಲ. ಸರಿ, ಬಸ್ಸು. ಹುಡುಗಿಯರಿಗೆ ಆಧಾರ್ ತೋರಿಸಿದರೆ ಫ್ರೀ, ಇಬ್ಬರು ಹುಡುಗರಿಗೆ ಮತ್ತು ನನಗೆ ಟಿಕೆಟ್. ಗಡಿಬಿಡಿಯಲ್ಲಿ ಪರ್ಸು ಮನೆಯಲ್ಲೇ ಬಿಟ್ಟು ಬಂದಿದ್ದೆ, ಮೊಬೈಲಿನಲ್ಲಿ ಹಾಕೋಣ ಅಂದರೆ ಸಿಗ್ನಲ್ ಇಲ್ಲ. ಕಂಡಕ್ಟರ್ ಕಾಯುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಸೊಂಟದ ಚೀಲ ಬಿಚ್ಚಿ, ‘ನಂದು ಹೆಂಗೂ ಫ್ರೀ, ಆ ಹುಡುಗ್ರುದು ನಾನು ಕೊಡ್ತೀನಿ, ಮೇಷ್ಟ್ರದೂ ತಗಳಪ್ಪ’ ಅಂದರು. ಇಳಿದ ಮೇಲೆ ಸಿಗ್ನಲ್ ಬಂತು, ಅಜ್ಜಿ ಮಾತ್ರ ಸಂತೆಯ ಜನದಲ್ಲಿ ಸಿಗಲಿಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವರು ಇದನ್ನು ಓದಲ್ಲ ಅಂತ ಗೊತ್ತು. ಶಿರಾ-ಮಧುಗಿರಿ ಬಸ್ಸಿನಲ್ಲಿ ಸೊಪ್ಪು ಮಾರಲು ಹೋಗುವ ಅಜ್ಜಿ ನಿಮಗೆ ಯಾರಿಗಾದರೂ ಪರಿಚಯ ಇದ್ದರೆ, ಮೇಷ್ಟ್ರು ಕೇಳಿದರು ಅಂತ ಹೇಳಿ.

ಅಲ್ಲಿ ನಮಗೆ ಮೂರನೇ ಸ್ಥಾನ. ರಾಜ್ಯ ಮಟ್ಟ ತಪ್ಪಿತು. ಮೊದಲು ಬಂದ ತಂಡ ನಮಗಿಂತ ಚೆನ್ನಾಗಿ ಹಾಡಿತು, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು, ಆಮೇಲೆ ಎದುರಿಗೆ ಕಾಣುತ್ತಿದ್ದ ಏಕಶಿಲಾ ಬೆಟ್ಟ ನೋಡಿ ‘ಸಾರ್ ಹತ್ತೋಣ’ ಅಂತ ಶುರುಮಾಡಿದರು. ಮದುವೆ ಸೀರೆಯ ದುಪಟ್ಟಾ ಹಾಕಿಕೊಂಡು ಬೆಟ್ಟ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. ಕೆಳಗೆ ನಿಂತು ಕಡಲೆಕಾಯಿ ತಿಂದು ಬಂದೆವು.

ಇನ್ನು ಕೆಲವರು. ಟ್ರಾಲಿ ಸ್ಪೀಕರ್ ಕೊಡಿಸಿದ ಹಳೆ ವಿದ್ಯಾರ್ಥಿಗಳು, ಕರೆಂಟ್ ಹೋದ ದಿನವೂ ಅದು ಕೈಬಿಡಲಿಲ್ಲ. ಸೆಪ್ಟೆಂಬರ್ 15ರ ಭಾನುವಾರ, ಬೀದರ್‌ನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ ಮಾಡಿದಾಗ ನಮ್ಮ ಮಕ್ಕಳನ್ನು ಬಿಸಿಲಲ್ಲಿ ಜೋಪಾನ ಮಾಡಿದ ಪಿ.ಟಿ. ಮೇಷ್ಟ್ರು. ಬೆಳಗಾವಿ ಅಧಿವೇಶನಕ್ಕೆ 100 ವರ್ಷ ಅಂತ ಡಿಸೆಂಬರಿನಲ್ಲಿ ಪ್ರಬಂಧ ಸ್ಪರ್ಧೆ ಬಂದಾಗ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಕಾಂಗ್ರೆಸ್ ಅಧಿವೇಶನ ಅದು ಅಂತ ನನಗೂ ಸೇರಿಸಿ ಪಾಠ ಮಾಡಿದ ಸಮಾಜದ ಮೇಡಂ.

ಮತ್ತೆ ಒಬ್ಬ ತಂದೆ. ಡಿಸೆಂಬರಿನಲ್ಲಿ ಸೀದಾ ಸ್ಟಾಫ್‌ರೂಮಿಗೆ ಬಂದು, ‘ಸಾರ್, ಈ ಹಾಡು ಕುಣಿತದಿಂದ ಮಾರ್ಕ್ಸ್ ಬರುತ್ತಾ?’ ಅಂತ ಕೇಳಿದರು. ಅವರ ಮಗಳು ಕವ್ವಾಲಿ ತಂಡದಲ್ಲಿದ್ದ ಹತ್ತನೇ ಕ್ಲಾಸಿನವಳು, ಗಣಿತದಲ್ಲಿ ಸ್ವಲ್ಪ ಹಿಂದೆ. ನನಗೆ ಉತ್ತರ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಆ ಪ್ರಶ್ನೆಗೆ ಹೆದರಿ ಜನವರಿಯಿಂದ ಸಂಜೆ ಕ್ಲಾಸ್ ಶುರುಮಾಡಿದೆ. ಅವರೇ ದಿನಾ ಟಾರ್ಚ್ ಹಿಡಿದು ಬಂದು ಐದಾರು ಹೆಣ್ಣುಮಕ್ಕಳನ್ನು ಮನೆಮನೆಗೆ ಬಿಟ್ಟು ಹೋಗುತ್ತಿದ್ದರು. ಅಣ್ಣಾ, ನೀವು ಕೇಳಿದ್ದು ಒಳ್ಳೆಯದೇ ಆಯಿತು.

ಬೀಳ್ಕೊಡುಗೆಯ ದಿನ ಹತ್ತನೇ ಕ್ಲಾಸಿನ 46 ಮಕ್ಕಳೂ ಒಬ್ಬೊಬ್ಬರಾಗಿ ಮಾತಾಡಿದರು. 46 ಜನವೂ. ಕಾರ್ಯಕ್ರಮ ಮುಗಿಯುವಾಗ ಐದೂವರೆ, ಪಾಯಸ ತಣ್ಣಗಾಗಿತ್ತು. ಕೊನೆಗೆ ಅವರು ಮೈಕನ್ನು ನನ್ನ ಕೈಗೆ ಕೊಟ್ಟರು. ಹಾಜರಿ ಪುಸ್ತಕದ ಕ್ರಮ ಅಂದರೆ ಕ್ರಮ, ‘ಬರಲ್ಲ ಅನ್ನೋ ಹಾಗಿಲ್ಲ ಸಾರ್, ಒಂದು ಸಾಲಾದ್ರೂ ಸಾಕು’ ಅಂದರು. ನಾನು ಒಂದು ಸಾಲು ಹೇಳಿದೆ, ಗಂಟಲು ಕಟ್ಟಿತು, ‘ಸಾರ್ವಭೌಮ’ದ ಹುಡುಗನ ಹಾಗೆ ಅಲ್ಲೇ ನಿಂತೆ. ಇವತ್ತು ಬರೆದದ್ದು ಅವತ್ತು ಹೇಳಲಾಗದ ಉಳಿದ ಸಾಲುಗಳು.

ಆಮೇಲೆ ಒಂದು ವಿಷಯ. ಟೈಲರ್ ಸಾಹೇಬರು ಹುಡುಗರಿಗೆ ಅಂತ ಎರಡು ಜರಿ ಟೋಪಿ ಕೊಟ್ಟಿದ್ದರು, ಒಂದೇ ವಾಪಸ್ ಬಂದಿದೆ. ಇನ್ನೊಂದು ಯಾರ ಮನೆಯಲ್ಲಿದ್ದರೂ ಬೈಯಲ್ಲ, ಬಸ್‌ಸ್ಟ್ಯಾಂಡಿನ ಅಂಗಡಿಗೆ ಕೊಟ್ಟುಬಿಡಿ. ಅವರು ಕೇಳಿಲ್ಲ. ನನಗೇ ಆ ಕಡೆ ಹೋಗಲು ನಾಚಿಕೆಯಾಗುತ್ತಿದೆ.