ಕರಿದ ಎಣ್ಣೆ ಸಿಂಕಿಗೆ ಸೇರದಿರಲಿ

ಸಂಪಾದಕರಿಗೆ,

ಮಾನ್ಯರೇ,

ಹಬ್ಬ ಹತ್ತಿರವಾಗುತ್ತಿದ್ದಂತೆ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಗೆಬಗೆಯ ಅಡುಗೆಗಳ ವಿಧಾನ ಪ್ರಕಟವಾಗುತ್ತದೆ. ಅವನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುವ ರೂಢಿ ನಮ್ಮ ಮನೆಯಲ್ಲಿ ಬಹುಕಾಲದಿಂದ ಇದೆ. ಎಣ್ಣೆ ಎಷ್ಟು ಕಾಯಬೇಕು, ಯಾವ ಹದದಲ್ಲಿ ತೆಗೆಯಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳುವ ಆ ಬರಹಗಳು, ಕರಿದು ಮುಗಿದ ಮೇಲೆ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಏನು ಮಾಡಬೇಕೆಂಬುದನ್ನು ಮಾತ್ರ ತಿಳಿಸುವುದಿಲ್ಲ. ಮನೆ ತುಂಬ ನೆಂಟರಿರುವಾಗಲೇ ಅಡುಗೆಮನೆಯ ಸಿಂಕ್ ಕಟ್ಟಿಕೊಳ್ಳುವುದರ ಹಿಂದೆ ಬಹುಪಾಲು ಇರುವುದು ಈ ಎಣ್ಣೆಯೇ ಎಂಬುದನ್ನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಹಬ್ಬದ ದಿನ ಎರಡನೆಯ ಪಂಕ್ತಿಯ ಊಟ ಮುಗಿದು ಮುಸುರೆ ಪಾತ್ರೆಗಳು ರಾಶಿ ಬಿದ್ದಿದ್ದ ಹೊತ್ತಿನಲ್ಲಿ ನಮ್ಮ ಸಿಂಕಿನ ನೀರು ಇಳಿಯದೆ ನಿಂತುಬಿಟ್ಟಿತು. ಪ್ಲಂಬರ್ ಸಿಗುವ ದಿನವಲ್ಲವಾದ್ದರಿಂದ, ಕೆಳಗೆ ಬಕೆಟ್ ಇಟ್ಟು, ಸಿಂಕಿನಡಿಯ ಬಾಗಿದ ಪೈಪನ್ನು ನಾನೇ ಬಿಚ್ಚಿದೆ. ಒಳಗಿನಿಂದ ಹೊರಬಂದದ್ದು ಮೇಣದಂತೆ ಬೆರಳಿಗೆ ಅಂಟುವ, ಮಾಸಲು ಬಿಳಿಯ ಒಂದು ಉದ್ದನೆಯ ಮುದ್ದೆ; ಅದರ ಮೈತುಂಬ ಅನ್ನದ ಅಗುಳು, ಚಹಾದ ಚರಟ ಹುದುಗಿದ್ದವು. ಚಾಕುವಿನಿಂದ ಅಡ್ಡಲಾಗಿ ಸೀಳಿದಾಗ ಪೈಪಿಗೆ ತಾಗಿದ್ದ ಪದರ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಒಳಪದರ ಬೆಣ್ಣೆಯಷ್ಟು ಮೃದುವಾಗಿತ್ತು, ನಡುವೆ ಉಳಿದಿದ್ದ ದಾರಿಯಲ್ಲಿ ಒಂದು ಪೆನ್ಸಿಲ್ ಕೂಡ ತೂರುವಂತಿರಲಿಲ್ಲ. ಇದು ಆ ಒಂದು ದಿನದ ಅಡುಗೆಯಿಂದ ಆದದ್ದಲ್ಲ. ವರ್ಷವಿಡೀ ತಟ್ಟೆಯ ಜಿಡ್ಡನ್ನು ನಾವು ನೀರಿನೊಂದಿಗೆ ಹರಿಬಿಟ್ಟು ದಾರಿಯನ್ನು ಕಿರಿದು ಮಾಡಿದ್ದೆವು. ಹಬ್ಬದಂದು ಮೂರು ನಾಲ್ಕು ಪಟ್ಟು ಹೆಚ್ಚು ಬಂದ ಮುಸುರೆ ನೀರು ಅಲ್ಲಿ ಹಿಡಿಸಲಿಲ್ಲ, ಅಷ್ಟೇ.

ಸಿಂಕಿನಿಂದ ಹೊರಡುವ ಪೈಪು ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಅಗಲದ್ದು. ಚರಂಡಿಯ ವಾಸನೆ ಮನೆಯೊಳಗೆ ಬಾರದಿರಲೆಂದು ಅದರ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಬಿಸಿಯಾಗಿರುವಾಗ ನೀರಿನಂತೆ ಹರಿಯುವ ಕೊಬ್ಬು ಇಲ್ಲಿಗೆ ಬಂದು ತಣಿದೊಡನೆ ಹೆಪ್ಪುಗಟ್ಟತೊಡಗುತ್ತದೆ. ಬೆಣ್ಣೆ, ತುಪ್ಪ ಮುಂತಾದವು 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಗಟ್ಟಿಯಾಗುತ್ತವೆ. ಹೆಪ್ಪುಗಟ್ಟದ ಎಣ್ಣೆಯೂ ನಿರಪಾಯಕಾರಿಯಲ್ಲ. ಕಾಲಕ್ರಮದಲ್ಲಿ ಒಡೆದು ಕೊಬ್ಬಿನ ಆಮ್ಲವಾಗುವ ಅದು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ, ನೀರಿನಲ್ಲಿ ಕರಗದ ಒಂದು ಬಗೆಯ ಗಟ್ಟಿ ಸಾಬೂನಾಗಿ ಪೈಪಿನ ಗೋಡೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಹಿಟ್ಟು, ಗಂಜಿ, ಅನ್ನದ ಅಗುಳು ಸೇರಿದರೆ ಗೋಂದಿನ ಕೆಲಸವನ್ನು ಅವು ಮಾಡುತ್ತವೆ.

ಇದಕ್ಕೆ ನಾನು ಕಂಡುಕೊಂಡ ಮುಖ್ಯ ಉಪಾಯ ಒಂದೇ: ತೊಳೆಯುವ ಮೊದಲು ಒರೆಸುವುದು. ಬಾಣಲೆಯ ಎಣ್ಣೆ ಪೂರ್ತಿ ಆರಿದ ಮೇಲೆ ಅದನ್ನು ಮುಚ್ಚಳವಿರುವ ಹಳೆಯ ಡಬ್ಬಿಗೆ ಸೋಸಿಡಬೇಕು. ಬಳಸಿದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುತ್ತಾರಾದ್ದರಿಂದ ಅದನ್ನು ಸಂಗ್ರಹಿಸುವ ವ್ಯವಸ್ಥೆ ಇರುವ ಕಡೆ ಅವರಿಗೆ ಕೊಡಬಹುದು, ಇಲ್ಲವಾದರೆ ಬಿಗಿಯಾಗಿ ಮುಚ್ಚಿ ಕಸಕ್ಕೆ ಹಾಕಬಹುದು. ಬಾಣಲೆಯ ತಳದಲ್ಲಿ ಉಳಿದ ಪಸೆಯನ್ನೂ ತಟ್ಟೆಗಳ ಜಿಡ್ಡನ್ನೂ ಹಳೆಯ ಕಾಗದದಿಂದ ಒರೆಸಿ ತೆಗೆದ ಮೇಲೆಯೇ ನಲ್ಲಿ ತಿರುಗಿಸಬೇಕು. ತಟ್ಟೆಯೊಂದಕ್ಕೆ ಹೆಚ್ಚೆಂದರೆ ಐದು ಸೆಕೆಂಡು ಹಿಡಿಯುವ ಕೆಲಸವಿದು. ಆದರೆ ಪಾತ್ರೆ ತಿಕ್ಕುವವರ ಮೇಲೆ ಇದನ್ನು ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊಟ ಮಾಡಿದವರೇ, ಅವರು ನೆಂಟರಾದರೂ ಸರಿ, ಏಳುವಾಗ ತಮ್ಮ ತಟ್ಟೆಯ ಎಂಜಲನ್ನು ಬುಟ್ಟಿಗೆ ಬಳಿದು ಕಾಗದದಿಂದ ಒಮ್ಮೆ ಒರೆಸಿಟ್ಟರೆ, ದಿನವಿಡೀ ಒಲೆಯ ಮುಂದೆ ನಿಂತವರ ಸಂಜೆಯಾದರೂ ಹಗುರವಾಗುತ್ತದೆ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿಯೊಂದನ್ನು ಹಾಕಿ, ಅದು ತುಂಬಿದಾಗಲೆಲ್ಲ ಕೊಡವುವುದು ಇದರ ಜೊತೆಗೇ ಆಗಬೇಕು.

ಕುದಿಯುವ ನೀರು ಸುರಿದರೆ ಎಲ್ಲವೂ ಕರಗಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕರಗಿದ ಜಿಡ್ಡು ಮುಂದೆ ಸಾಗಿ, ನಮ್ಮ ಕೈಗೆ ಎಟುಕದ ಜಾಗದಲ್ಲಿ ತಣಿದು ಮತ್ತೆ ಗಟ್ಟಿಯಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅಲ್ಲದೆ ಸಾಧಾರಣ ಪಿವಿಸಿ ಪೈಪು ತಾಳಿಕೊಳ್ಳುವುದು ಸುಮಾರು 60 ಡಿಗ್ರಿ ಬಿಸಿಯನ್ನು ಮಾತ್ರ. ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದಾಗ ಉಕ್ಕುವ ನೊರೆ ಕಣ್ಣಿಗೆ ಸಮಾಧಾನ ಕೊಟ್ಟೀತು. ಒಂದರ ಶಕ್ತಿಯನ್ನು ಇನ್ನೊಂದು ಕಳೆದುಹಾಕುವುದರಿಂದ ಕೊನೆಗೆ ಉಳಿಯುವುದು ಬಹುಪಾಲು ಉಪ್ಪು ನೀರೇ. ಕಾಸ್ಟಿಕ್ ಸೋಡಾ ಇರುವ ಪುಡಿಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಅದು ನೀರಿಗೆ ಬಿದ್ದೊಡನೆ ತೀವ್ರವಾಗಿ ಕಾಯುತ್ತದೆ, ಮೈಮೇಲೆ ಸಿಡಿದರೆ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. ಬ್ಲೀಚಿನೊಂದಿಗೆ ಆಮ್ಲ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಮಕ್ಕಳು ಓಡಾಡುವ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಒಂದಾದ ಮೇಲೊಂದು ರಾಸಾಯನಿಕ ಸುರಿದು ನೋಡುವುದಕ್ಕಿಂತ, ಸಿಂಕಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಬೇರೆ ತೂತುಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ರಬ್ಬರ್ ಪ್ಲಂಜರಿನಿಂದ ಹದಿನೈದಿಪ್ಪತ್ತು ಬಾರಿ ಒತ್ತಿ ನೋಡುವುದು ಎಷ್ಟೋ ಮೇಲು. ರಾಸಾಯನಿಕವನ್ನು ಆಗಲೇ ಸುರಿದಿದ್ದರೆ ಮಾತ್ರ ಪ್ಲಂಜರ್ ಮುಟ್ಟಬಾರದು.

ನಮ್ಮ ಪೈಪಿನಿಂದ ಹೇಗೋ ದಾಟಿದ ಜಿಡ್ಡು ಊರಿನ ಒಳಚರಂಡಿಯಲ್ಲಿ ಎಲ್ಲರ ಜಿಡ್ಡಿನೊಂದಿಗೆ ಸೇರುತ್ತದೆ ಎಂಬುದನ್ನೂ ಮರೆಯಬಾರದು. ಲಂಡನ್ನಿನ ವೈಟ್‌ಚಾಪೆಲ್ ಭಾಗದಲ್ಲಿ 2017ರಲ್ಲಿ ಪತ್ತೆಯಾದ ಇಂಥದೊಂದು ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಅದನ್ನು ಒಡೆದು ತೆಗೆಯಲು ವಾರಗಳೇ ಹಿಡಿದವು. ಬಹುಮಹಡಿ ಕಟ್ಟಡಗಳಲ್ಲಿ ಇಷ್ಟು ದೂರ ಹೋಗಬೇಕಿಲ್ಲ. ಮೇಲಿನ ಮನೆಗಳವರು ಸುರಿದ ಎಣ್ಣೆ ಕೆಳಗೆಲ್ಲೋ ಕಟ್ಟಿಕೊಂಡಾಗ ಕೆಳಮಹಡಿಯವರ ಸಿಂಕಿನಲ್ಲಿ ಅನ್ಯರ ಮುಸುರೆ ನೀರು ಮೇಲೆದ್ದು ಬರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಹಬ್ಬದ ಪುರವಣಿಯಲ್ಲಿ ಕರಿದ ತಿಂಡಿಯ ವಿಧಾನ ಪ್ರಕಟಿಸುವಾಗ ಅದರ ಕೊನೆಯಲ್ಲಿ, ಉಳಿದ ಎಣ್ಣೆಯನ್ನು ಆರಿಸಿ ಡಬ್ಬಿಗೆ ತುಂಬಬೇಕು, ಬಾಣಲೆಯನ್ನು ಕಾಗದದಿಂದ ಒರೆಸಿದ ನಂತರವೇ ತೊಳೆಯಬೇಕು ಎಂಬ ಎರಡು ಸಾಲುಗಳನ್ನು ದಯವಿಟ್ಟು ಸೇರಿಸಿ. ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವ ನಮ್ಮಂಥವರು ಆ ಎರಡು ಸಾಲುಗಳನ್ನೂ ವಿಧಾನದ ಭಾಗವೆಂದೇ ಓದುತ್ತೇವೆ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ