ಗಾಯವಾದವರಿಗೆ ‘ಗೈರು’ ಎನ್ನಬೇಡಿ

ಮಾನ್ಯ ಸಂಪಾದಕರೇ,

ತುಮಕೂರಿನ ಸುತ್ತ, ವಸಂತನರಸಾಪುರದ ಕಡೆಯಂತೂ, ಕಟ್ಟಡಗಳು ಏಳುತ್ತಲೇ ಇವೆ. ಸಾರ್ವೆಯಿಂದ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಬಿದ್ದು ಯಾರಾದರೂ ಸತ್ತರೆ ಸುದ್ದಿಯಾಗುತ್ತದೆ. ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆಯಾದ ಹಲಗೆ, ಕಂಬ) ಬಿಚ್ಚುವಾಗ ಕಾಲಿಗೆ ಮೊಳೆ ಹೊಕ್ಕವರು, ಕಂಬಿ ಬಗ್ಗಿಸುವಾಗ ಬೆರಳು ಜಜ್ಜಿಕೊಂಡವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮರುದಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು.

ಗಾಯದಿಂದ 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಮಾಲೀಕರು ಅಧಿಕಾರಿಗಳಿಗೆ ತಿಳಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಕಾರ್ಮಿಕರ ಸುರಕ್ಷತೆಯ ಸಂಹಿತೆಯಲ್ಲೂ ಅದೇ 48 ಗಂಟೆ. ದಿನಗೂಲಿಯವರಿಗೆ ರಜೆ ಅರ್ಜಿಯೇನೂ ಇರುವುದಿಲ್ಲ. ಆ ಗಂಟೆಗಳನ್ನು ಎಣಿಸಲು ಇರುವುದು ಹಾಜರಿ ಪುಸ್ತಕವೊಂದೇ. ಅಲ್ಲಿ ‘ಗಾಯ’ ಎಂದು ಬರೆದು, ಮತ್ತೆ ಕೆಲಸಕ್ಕೆ ಬಂದ ದಿನವನ್ನೂ ಗುರುತಿಸಬೇಕು.

ಅಪಘಾತದ ಪುಸ್ತಕ ಬೇರೆಯೇ ಇರಲಿ, ಆ ದಿನವೇ ತುಂಬಲಿ. ‘ಕಾಲು ಜಾರಿ ಬಿದ್ದ’ ಎಂದರೆ ಬರೆದೂ ಬರೆಯದಂತೆ. ‘ಬೆಳಿಗ್ಗೆ 11.20, ಎರಡನೇ ಮಹಡಿ, ಲಿಫ್ಟ್ ಗುಂಡಿಯ ಪಕ್ಕ, 3 ಮೀಟರ್ ಎತ್ತರ, ಸಾರ್ವೆಯ ಹಲಗೆಗೆ ಕಟ್ಟು ಇರಲಿಲ್ಲ’ ಎಂದಿದ್ದರೆ ಮಧ್ಯಾಹ್ನದೊಳಗೆ ಉಳಿದ ಹಲಗೆಗಳನ್ನಾದರೂ ಬಿಗಿಯಬಹುದು. ಜೊತೆಗೆ ನೋಡಿದ ಇಬ್ಬರ ಹೆಸರು, ಆಸ್ಪತ್ರೆಯ ಚೀಟಿ ಸಂಖ್ಯೆ. ಯಾರಿಗೂ ಪೆಟ್ಟಾಗದೆ ಸಾರ್ವೆ ಕುಸಿದರೂ ಬರೆಯಲೇಬೇಕು, ತಿಳಿಸಲೇಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಆಸ್ಪತ್ರೆಯಲ್ಲಿ ಹೇಳುವ ಸುಳ್ಳು. ಪೊಲೀಸ್ ಗಲಾಟೆ ಬೇಡವೆಂದು ಕರೆತಂದವರು ‘ಬೈಕಿನಿಂದ ಬಿದ್ದ’ ಅನ್ನುತ್ತಾರೆ, ವೈದ್ಯರು ಕೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ಪರಿಹಾರ ಕೇಳಲು ಎರಡು ವರ್ಷ ಅವಕಾಶವಿದೆ ನಿಜ. ಆದರೆ ಆ ಹೊತ್ತಿಗೆ ಮೇಸ್ತ್ರಿ ಬೇರೆ ಸೈಟಿಗೆ, ಜೊತೆಗಾರರು ಪಾವಗಡಕ್ಕೋ ಬಿಹಾರಕ್ಕೋ ಹೋಗಿರುತ್ತಾರೆ. ಉಳಿಯುವುದು ಆ ‘ಬೈಕಿನ’ ಚೀಟಿ ಮಾತ್ರ. ಅಲ್ಲಿ ಬರೆಸುವಾಗಲೇ ‘ಕಟ್ಟಡ ಕೆಲಸದಲ್ಲಿ’ ಎಂದು ಬರೆಸಿ, ಓದಿಸಿ ಕೇಳಬೇಕು.

ಕಾರ್ಮಿಕ ಇಲಾಖೆ ಅಪಘಾತದ ಪುಸ್ತಕದ ಕನ್ನಡ ನಮೂನೆಯನ್ನು ಪ್ರತಿ ಗುತ್ತಿಗೆದಾರರಿಗೂ ಕೊಡಲಿ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಪಕ್ಕದ ಮೊಳೆಗೆ ಪೆನ್ನಿನ ಸಮೇತ ತೂಗುಹಾಕಲಿ.

– ಒಬ್ಬ ಸೈಟ್ ಎಂಜಿನಿಯರ್, ತುಮಕೂರು